ಅವ್ವ ಅಗಿದ ಬೇವಿನೆಲೆ

ನಮ್ಮೂರಿನಲ್ಲಿ ಈ ಕಥೆಯನ್ನು ಎಲ್ಲರೂ ಒಂದೇ ರೀತಿ ಹೇಳುತ್ತಾರೆ. ಅವ್ವನಿಗೆ ಹುಳ ಮುಟ್ಟಿತು. ದೊಡ್ಡಪ್ಪ ಬೇವಿನೆಲೆ ತಿನ್ನಿಸಿದ. ಅವ್ವ ಕಹಿ ಅಂದಳು. ಕಹಿ ಅಂದದ್ದರಿಂದ ಉಳಿದಳು. ಆಮೇಲೆ ಹೇಗೂ ಇರಲಿ ಅಂತ ದವಾಖಾನೆಗೂ ಹೋಗಿಬಂದಳು.

ಹುಳ ಅಂದರೆ ಹಾವು. ಕಚ್ಚಿದ ಹಾವಿನ ಹೆಸರನ್ನು ನಮ್ಮ ಕಡೆ ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ವಿಷ ಏರುತ್ತದಂತೆ. ನಾನು ಹೇಳುತ್ತೇನೆ: ಅದು ಕೊಳಕುಮಂಡಲ. ಬೇವಿನೆಲೆಯ ಲೆಕ್ಕವೂ ಇಂಥದ್ದೇ. ಕಚ್ಚಿಸಿಕೊಂಡವರು ಎಲೆ ಅಗಿದು ಕಹಿ ಅಂದರೆ ವಿಷ ಹತ್ತಿಲ್ಲ. ಸಪ್ಪಗಿದೆ, ಸಿಹಿಯಿದೆ ಅಂದರೆ ಹತ್ತಿದೆ. ಅಷ್ಟೇ ಪರೀಕ್ಷೆ.

ಈ ಕಥೆಯನ್ನು ಚಹಾ ಅಂಗಡಿಯ ಬೆಂಚಿನ ಮೇಲೆ ಕೂತು ದೊಡ್ಡಪ್ಪನೇ ಹೇಳುತ್ತಾನೆ. "ಎಲಿ ಕಹಿ ಐತಿ ಅಂದಾಗ್ಲೇ ನನ್ನ ಜೀವ ತಣ್ಣಗಾತು ನೋಡ್ರಿ. ಡಾಕ್ಟರ್ ಬಂದಿದ್ದು ಆಮ್ಯಾಲೆ." ಕೇಳುವವರು ಹೂಂಗುಟ್ಟುತ್ತಾರೆ. ಈಗ ನಮ್ಮ ಹೊಲದ ಬದುವಿನ ಬೇವಿನ ಮರಕ್ಕೂ ಹೆಸರು ಬಂದಿದೆ. ಬೇರೆ ಮರಗಳ ಎಲೆಗಿಂತ ಅದರ ಎಲೆ ಖರೆ ಹೇಳುತ್ತದೆ ಅಂತ.

ಸಿಂಧನೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಮಾತಾಡುತ್ತಾ ಬೆಳೆದವಳು ನಾನು. ಒಂದರ ಹಿಂದೆ ಒಂದು ನಡೆದ ಸಂಗತಿಗಳನ್ನು ತೋರಿಸಿ, ಮೊದಲನೆಯದರಿಂದಲೇ ಎರಡನೆಯದು ಆಯಿತು ಅಂತ ಎದುರಿನವರು ಹೇಳಿದರೆ ಅಲ್ಲೇ ಕೊರಳಪಟ್ಟಿ ಹಿಡಿಯಬೇಕು ಅಂತ ಕಲಿತವಳು. ಈ ಕಥೆಯನ್ನೂ ಅಲ್ಲೇ ಹಿಡಿಯಬಹುದು. ಹಿಡಿದಿದ್ದೇನೆ, ಬೇಕಾದಷ್ಟು ಸಲ. ಆದರೆ ವಾದ ಗೆದ್ದು ಮನೆಗೆ ಬಂದರೂ ಹೆದರಿಕೆ ಮಾತ್ರ ನನ್ನ ಜೊತೆಗೇ ಬರುತ್ತದೆ. ಇಡೀ ಕಥೆ ನಿಂತಿರುವುದು ಅವ್ವ ಆಡಿದ ಒಂದೇ ಮಾತಿನ ಮೇಲೆ. ಆ ಮಾತನ್ನು ನಂಬಿ ನಾಳೆ ಇನ್ನೊಬ್ಬರನ್ನು ಬದುವಿನ ಮೇಲೆ ಕೂರಿಸಿಕೊಳ್ಳುತ್ತಾರೆ. ಅದು ನಿಜವಾಗಿತ್ತೇ ಅಂತ ಅವ್ವನನ್ನು ಯಾರೂ ಕೇಳಿಲ್ಲ.

ಹೋದ ವರ್ಷದ ಶ್ರಾವಣ. ನಮ್ಮೂರಿಗೆ ಬರಬೇಕಾದರೆ ಜವಳಗೇರಾದಿಂದ ಒಳಗೆ ಕಾಲುವೆ ದಂಡೆ ಹಿಡಿದು ಬರಬೇಕು. ಬೇಸಿಗೆಯಲ್ಲಿ ಅದು ರಸ್ತೆ. ಮಳೆ ಬಂದರೆ ಬರೀ ಎರೆಮಣ್ಣು. ಕಾಲುವೆಗೆ ನೀರು ಬಿಟ್ಟಿದ್ದರು, ನಮ್ಮ ಹೊಲದಲ್ಲಿ ಭತ್ತದ ನಾಟಿ ನಡೆದಿತ್ತು. ಅಪ್ಪ ನಸುಕಿನಲ್ಲೇ ಬೈಕ್ ತೆಗೆದುಕೊಂಡು ಗೊಬ್ಬರದ ಸರದಿಗೆ ನಿಲ್ಲಲು ಸಿಂಧನೂರಿಗೆ ಹೋಗಿದ್ದ. ನಾಟಿಗೆ ಬಂದ ಹೆಂಗಸರೆಲ್ಲ ಮುಯ್ಯಿಯವರು. ಇವತ್ತು ನಮ್ಮ ಹೊಲಕ್ಕೆ ಅವರು, ನಾಳೆ ಅವರ ಹೊಲಕ್ಕೆ ನಾವು. ಹೀಗಾಗಿ ನಮ್ಮ ಪಾಳಿಯ ದಿನ ಕೆಲಸ ನಿಂತರೆ ನಷ್ಟ ನಮ್ಮೊಬ್ಬರದೇ ಅಲ್ಲ. ಕಿತ್ತ ಸಸಿ ಒಣಗುತ್ತದೆ, ಎಲ್ಲರ ಪಾಳಿಯೂ ಹಿಂದೆ ಬೀಳುತ್ತದೆ. ಅವ್ವ ಇದನ್ನು ಬೇರೆ ಎಲ್ಲಕ್ಕಿಂತ ಗಟ್ಟಿಯಾಗಿ ನಂಬಿದವಳು.

ಕಾಲೇಜಿಗೆ ರಜೆ ಇತ್ತು. ನಾನೂ ಕೆಸರಿಗಿಳಿದಿದ್ದೆ.

"ಏನ್ ಬೇ, ಸಾಲು ಹಿಂಗ್ಯಾಕ ಸೊಟ್ಟ ಹೊಂಟೈತಿ?" ಅಂತ ಪಕ್ಕದ ಮನೆಯ ಚಿಗವ್ವ ನನ್ನನ್ನು ಕಾಡುತ್ತಿದ್ದಳು. "ಮೈಕಿನ ಮುಂದ ನಿಂತು ಒದರಿದಂಗಲ್ಲ ಇದು. ಸೊಂಟ ಬಗ್ಗಸು."

"ಸೊಟ್ಟ ಇದ್ರ ನೆಲ್ಲು ಬರಂಗಿಲ್ಲೇನು ಚಿಗವ್ವ? ಅದಕ್ಕೇನ್ ಕಣ್ಣದಾವ?"

"ಕೇಳ್ರೆವ್ವ, ಇದಕ್ಕೂ ವಾದ! ಇಕಿನ್ನ ಮಾಡ್ಕೊಳ್ಳಾವ ಕಿವ್ಯಾಗ ಹತ್ತಿ ಇಟ್ಕೊಂಡ ಬರಬೇಕು."

ಹೆಂಗಸರು ನಕ್ಕರು. ಅವ್ವನೂ ನಕ್ಕಳು. ಹಿಂದಿನ ಸಂಜೆ ಕಿತ್ತಿಟ್ಟ ಸಸಿಯ ಕಟ್ಟುಗಳು ಬದುವಿನ ಮೇಲೆ ಒದ್ದೆ ಗೋಣಿಚೀಲದ ಕೆಳಗಿದ್ದವು. ಅವ್ವ ನಗುತ್ತಲೇ ಹೋಗಿ ಚೀಲದ ಅಡಿಗೆ ಕೈ ಹಾಕಿದಳು. ಕುಕ್ಕರ್ ಸೀಟಿ ಹೊಡೆಯುವ ಮುಂಚೆ ಬುಸುಗುಡುತ್ತದಲ್ಲ, ಅಂಥ ಸದ್ದು ಬಂತು. ಅವ್ವ ಚೀರಲಿಲ್ಲ. ಯಾರೋ ಕರೆದಾಗ ಓಗೊಡುವಂತೆ "ಹಾಂ" ಅಂದಳು, ಅಷ್ಟೇ. ಬೆನ್ನ ತುಂಬ ಸರಪಳಿಯಂಥ ಚಿತ್ತಾರವಿದ್ದ ದಪ್ಪನೆಯ ಹಾವು ಅವಸರವಿಲ್ಲದೆ ಹುಲ್ಲಿನೊಳಗೆ ಹೋಯಿತು. ಅವ್ವನ ಹೆಬ್ಬೆರಳ ಬುಡದಲ್ಲಿ ಎರಡು ಹನಿ ರಕ್ತ ಮೂಡಿತ್ತು.

ನಾನು ಕೆಸರು ತುಳಿಯುತ್ತಾ ಆಕೆಯ ಹತ್ತಿರ ಓಡಿದೆ.

ದೊಡ್ಡಪ್ಪ ಪಕ್ಕದ ಹೊಲದಲ್ಲಿ ಟ್ರ್ಯಾಕ್ಟರ್‌ನಿಂದ ಕೆಸರು ತುಳಿಸುತ್ತಿದ್ದ. ಹೆಂಗಸರ ಕೂಗು ಕೇಳಿ ಹಾರಿಬಂದ. ಅವನು ಕೆಟ್ಟವನಲ್ಲ, ಅವ್ವನನ್ನು ತಂಗಿಯಂತೆ ಕಂಡವನು. ಬರುವಾಗಲೇ ಬೇವಿನ ಟೊಂಗೆಯೊಂದನ್ನು ಮುರಿದುಕೊಂಡು ಬಂದು ನನ್ನ ಕೈಗೆ ಕೊಟ್ಟ.

"ಅಗಿಯಂತ ಹೇಳು. ನುಂಗಬ್ಯಾಡಂತ ಹೇಳು. ಹೆಂಗೈತಂತ ಕೇಳು."

ಅವ್ವ ಅವನ ಎದುರಿಗೇ ಕೂತಿದ್ದಳು. ಆದರೆ ಆಕೆ ಭಾವನ ಜೊತೆ ಮಾತಾಡುವುದಿಲ್ಲ. ಮದುವೆಯಾಗಿ ಬಂದ ದಿನದಿಂದ ಹಾಗೇ. ತಲೆ ಮೇಲೆ ಸೆರಗು, ನಡುವೆ ಮಾತು ದಾಟಿಸಲು ಮನೆಯ ಯಾರಾದರೊಬ್ಬರು. ಹಾವು ಕಚ್ಚಿದ್ದರೂ ಆಕೆಯ ಎಡಗೈ ಮೊದಲು ಹೋದದ್ದು ಸೆರಗಿಗೆ.

ನಾನು ಎಲೆಗಳನ್ನು ಆಕೆಯ ಬಾಯಿಗಿಟ್ಟೆ. ಅಗಿದಳು.

"ಯವ್ವಾ, ಹೆಂಗೈತಿ?"

ಅವ್ವ ನನ್ನ ಮುಖವನ್ನೇ ನೋಡುತ್ತಾ ಅಗಿಯುತ್ತಿದ್ದಳು. ನನ್ನ ಗದ್ದ ನಡುಗುತ್ತಿತ್ತು, ಹಲ್ಲಿಗೆ ಹಲ್ಲು ಬಡಿಯುವುದು ನನಗೇ ಕೇಳುತ್ತಿತ್ತು. ಆಕೆ ಇನ್ನೂ ಸ್ವಲ್ಪ ಅಗಿದಳು.

"ಕಹಿ ಐತಿ," ಅಂದಳು.

"ಕಹಿ ಐತಂತ," ಅಂತ ನಾನು ದೊಡ್ಡಪ್ಪನಿಗೆ ಹೇಳಿದೆ.

ಸುತ್ತ ನಿಂತವರೆಲ್ಲ ಒಮ್ಮೆಲೇ ಉಸಿರು ಬಿಟ್ಟರು. ಯಾರೋ ದೇವರಿಗೆ ಕೈ ಮುಗಿದರು. ಆಗ ನನಗೆ ಮಾತು ಬಂತು.

"ದೊಡ್ಡಪ್ಪಾ, ಕಚ್ಚಿದ್ದು ಕೈಗೆ. ನಾಲಿಗಿನ್ನ ಕೇಳಿದ್ರ ಏನ್ ತಿಳೀತೈತಿ? ಮೊದ್ಲು ದವಾಖಾನಿಗೆ ಹೋಗೂಣ ನಡಿ."

"ತಿಳಿಯಂಗಿಲ್ಲಂದ್ರ ನಮ್ಮ ಹಿರೇರು ಹುಚ್ಚರಿದ್ರೇನು?"

"ಹುಚ್ಚರಂತ ನಾ ಎಲ್ಲಂದೆ? ಅವರಿಗೆ ದವಾಖಾನಿ ಇರಲಿಲ್ಲ. ನಮಗೈತಿ."

"ಲೇ ಯವ್ವಾ, ಇದು ನಿನ್ನ ಕಾಲೇಜಲ್ಲ, ಗಂಟಿ ಬಾರಿಸಿ ನಂಬರ್ ಕೊಡಾಕ. ಕಹಿ ಐತಂತ ಅಂದಾಳೋ ಇಲ್ಲೋ?"

"ಅಂದಾಳ, ಆದ್ರ..."

"ಯಾರ ಮುಂದ ಅಂದಾಳ? ನಿನ್ನ ಮುಂದ. ನನಗ ಹೇಳಿದವರ್ಯಾರು? ನೀನ. ಮುಗೀತಲ್ಲ ಮತ್ತ."

ನನ್ನ ಬಾಯಿಂದ ಬಂದ ಸಾಕ್ಷಿಯಿಂದಲೇ ನನ್ನನ್ನು ಇಷ್ಟು ಗಟ್ಟಿಯಾಗಿ ಯಾವ ಸ್ಪರ್ಧೆಯಲ್ಲೂ ಯಾರೂ ಕಟ್ಟಿಹಾಕಿರಲಿಲ್ಲ. ನಾನು ಅವ್ವನ ಕಡೆ ತಿರುಗಿದೆ. ಆಕೆ ಆಗಲೇ ಎದ್ದಿದ್ದಳು. "ಏನೂ ಆಗಿಲ್ಲ ಬಾ. ಪಾಳಿ ಮುಗಿಸೂಣು," ಅನ್ನುತ್ತಾ ಎಡಗೈಯಿಂದ ಸಸಿಯ ಕಟ್ಟುಗಳನ್ನು ಎಸೆಯತೊಡಗಿದಳು. ಬಲಗೈ ಸೆರಗಿನೊಳಗಿತ್ತು.

ಸೆರಗಿನೊಳಗೆ ಯಾಕಿತ್ತು ಅಂತ ನನಗೆ ಹೊಳೆಯುವಷ್ಟರಲ್ಲಿ ಹೆಂಗಸರು ಗದ್ದೆಯ ಇನ್ನೊಂದು ಮಡಿಗೆ ಇಳಿದಿದ್ದರು. ಹೋಗಿ ಸೆರಗು ಸರಿಸಿದೆ. ಕೈ ಮೊಣಕೈವರೆಗೆ ಬಾತಿತ್ತು. ಹಸಿರು ಬಳೆಗಳು ಮಾಂಸದೊಳಗೆ ಹೂತು, ಅವುಗಳ ಅಂಚಿಗೆ ಚರ್ಮ ನೀಲಿಗಟ್ಟಿತ್ತು. ನಾನು ಕಲ್ಲು ಹುಡುಕತೊಡಗಿದೆ. ಚಿಗವ್ವ ಬಂದು ನನ್ನ ಕೈ ಹಿಡಿದಳು.

"ಗಂಡ ಇರಾಕಿ ಬಳಿ ಒಡೀತಾರೇನ ಬೇ! ಅಪಶಕುನ!"

ಅವ್ವನೂ ಕೈ ಹಿಂದಕ್ಕೆಳೆದುಕೊಂಡಳು. ಆಮೇಲೆ ಪಕ್ಕಕ್ಕೆ ತಿರುಗಿ ಉಗುಳಿದಳು. ಕೆಸರುನೀರಿನ ಮೇಲೆ ಕೆಂಪು ಬಿತ್ತು.

"ಎಲಿ ಅಡಕಿ ಹಾಕ್ಕೊಂಡಿಯೇನ ಅಕ್ಕಾ?" ಅಂದಳು ಚಿಗವ್ವ.

ಅವ್ವ ಎಲೆ ಅಡಿಕೆ ಹಾಕುವವಳಲ್ಲ. ಅದು ಚಿಗವ್ವನಿಗೂ ಗೊತ್ತು. ಗೊತ್ತಿದ್ದೂ ಆಕೆ ಯಾಕೆ ಹಾಗೆ ಕೇಳಿದಳೆಂದು ಆಮೇಲೆ ಅರ್ಥವಾಯಿತು. ಹೌದು ಅನ್ನಿಸಿಕೊಳ್ಳಬೇಕಿತ್ತು ಆಕೆಗೆ. ಅವ್ವ ಬಾಯಿ ಒರೆಸಿಕೊಂಡಳು. ಒಸಡಿನಿಂದ ಮತ್ತೆ ರಕ್ತ ಬಂತು.

ದೊಡ್ಡಪ್ಪ ಅದನ್ನು ನೋಡಿದ. ಅವನ ಮುಖ ಬೂದಿಯಂತಾಯಿತು. ಟ್ರ್ಯಾಕ್ಟರ್ ಕಡೆ ಓಡಿದವನು ಅದರ ಎದುರು ನಿಂತುಬಿಟ್ಟ. ಕೆಸರು ತುಳಿಸಲು ಹಾಕುವ ಕಬ್ಬಿಣದ ಗಾಲಿಗಳಿದ್ದವು ಅದಕ್ಕೆ. ಅವುಗಳ ಮೇಲೆ ಹೊಲದಾಚೆ ಓಡುವಂತಿಲ್ಲ, ರಬ್ಬರಿನ ಗಾಲಿಗಳು ಮನೆಯ ಅಂಗಳದಲ್ಲಿದ್ದವು. ಅವನು ಗಾಲಿಗೆ ಕೈಯಿಂದ ಹೊಡೆದ, ಎಮ್ಮೆಗೆ ಹೊಡೆದಂತೆ. ನಾನು ಆಂಬುಲೆನ್ಸಿಗೆ ಫೋನ್ ಹಚ್ಚಿದೆ. "ಡಾಂಬರ್ ರಸ್ತಿತನಕ ಕರಕೊಂಡ ಬರ್ರಿ ಮೇಡಂ, ದಂಡಿಮ್ಯಾಲೆ ಗಾಡಿ ಬರಂಗಿಲ್ಲ," ಅಂದರು. ಅವರದೂ ತಪ್ಪಲ್ಲ. ಹೋದ ಮಳೆಗಾಲದಲ್ಲಿ ಬಂದ ಗಾಡಿ ಹೂತು ನಿಂತಿತ್ತು.

ಕಾಲುವೆಯಾಚೆಯ ಕ್ಯಾಂಪಿನಲ್ಲಿ ಆಂಧ್ರದಿಂದ ಬಂದು ಬೇಸಾಯ ಮಾಡುವವರಿದ್ದಾರೆ. ಅಲ್ಲಿಯವನೊಬ್ಬ ನೀರು ನೋಡಲು ಬಂದಿದ್ದ, ಬೈಕ್ ಇತ್ತು. ಕರೆದ ಕೂಡಲೇ ಬಂದ. ಮುಂದೆ ಅವನು, ನಡುವೆ ಅವ್ವ, ಹಿಂದೆ ಆಕೆಯನ್ನು ತಬ್ಬಿಕೊಂಡು ನಾನು.

ಆ ದಂಡೆಯ ದಾರಿ ನನಗೆ ಈಗಲೂ ಮುಗಿದಿಲ್ಲ. ಒಂದು ಕಡೆ ತುಂಬಿ ಹರಿಯುವ ಕಾಲುವೆ, ಇನ್ನೊಂದು ಕಡೆ ಕೆಳಗೆ ನೀರು ನಿಂತ ಗದ್ದೆ. ಬೈಕು ಓಡುವುದಕ್ಕಿಂತ ಜಾರುತ್ತಿತ್ತು. ಅವ್ವನ ತಲೆ ಅವನ ಬೆನ್ನಿಗೆ ಬಿದ್ದಿತ್ತು, ಅವನ ಅಂಗಿಯ ಮೇಲೆ ಕೆಂಪು ಹರಡುತ್ತಿತ್ತು. "ಏಂ ಕಾದು ಅಕ್ಕಾ, ಏಂ ಕಾದು," ಏನೂ ಆಗುವುದಿಲ್ಲ ಅಂತ ತೆಲುಗಿನಲ್ಲಿ ಹೇಳುತ್ತಲೇ ಇದ್ದ.

"ಯವ್ವಾ, ಮಾತಾಡು ಬೇ. ಮಲಗಬ್ಯಾಡ."

"ಎಷ್ಟ್ ಮಡಿ ಆದುವು?" ಅಂದಳು ಅವ್ವ.

"ಮೂಡಲ ಮಗ್ಗಲದ್ದು ಮುಗೀತು."

"ಸಸಿಮ್ಯಾಲೆ ನೀರು ಚಿಮುಕಿಸಂತ ಹೇಳಿಲ್ಲ ನಾ."

ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಎರೆಮಣ್ಣು ಕಟ್ಟಿಕೊಂಡು ಬೈಕು ನಿಂತಿತು. ಅವನು ಇಳಿದು ಕಡ್ಡಿಯಿಂದ ಮಣ್ಣು ಕೆತ್ತತೊಡಗಿದ. ಅವ್ವನನ್ನು ಆನಿಸಿಕೊಂಡು ನಿಂತಾಗ ನೋಡಿದೆ, ನನ್ನ ಮುಷ್ಟಿಯಲ್ಲಿ ಆ ಬೇವಿನ ಟೊಂಗೆ ಇನ್ನೂ ಹಾಗೇ ಇತ್ತು. ಒಂದೆರಡು ಎಲೆ ಕಿತ್ತು ಬಾಯಿಗೆ ಹಾಕಿಕೊಂಡೆ. ಅಗಿದೆ. ಮತ್ತೆ ಅಗಿದೆ.

ಏನೂ ರುಚಿಯಿರಲಿಲ್ಲ. ಬಾಯಿ ಒಣಗಿ ಹಲಗೆಯಾಗಿತ್ತು. ಕಾಗದ ಅಗಿದಂತಿತ್ತು.

ನನ್ನನ್ನು ಯಾವ ಹಾವೂ ಕಚ್ಚಿರಲಿಲ್ಲ. ದೊಡ್ಡಪ್ಪನ ಪರೀಕ್ಷೆಯ ಪ್ರಕಾರ ವಿಷ ಏರಿದ್ದು ನನಗೆ. ಬರೀ ಹೆದರಿದ ನನಗೇ ಕಹಿ ತಿಳಿಯದಿದ್ದರೆ, ಕಚ್ಚಿಸಿಕೊಂಡು ಕೂತಿದ್ದ ಅವ್ವನಿಗೆ ತಿಳಿದದ್ದು ಹೇಗೆ? ಈ ಪ್ರಶ್ನೆ ನನಗೆ ಅಲ್ಲಿ, ಆ ಕೆಸರಿನಲ್ಲಿ ಹುಟ್ಟಿತು. ಆಗ ಅದನ್ನು ಕೇಳುವ ಧೈರ್ಯವಿರಲಿಲ್ಲ. ಆಕೆಯ ಭಾರ ನನ್ನ ಮೇಲೆ ಹೆಚ್ಚುತ್ತಿತ್ತು.

ಡಾಂಬರ್ ರಸ್ತೆಯಲ್ಲಿ ಆಂಬುಲೆನ್ಸ್ ನಿಂತಿತ್ತು. ಒಳಗಿದ್ದವನು ಮೊದಲು ಮಾಡಿದ ಕೆಲಸ ಬಳೆಗಳನ್ನು ಕತ್ತರಿಸಿದ್ದು. ಒಂದೊಂದು ಚೂರು ಬಿದ್ದಾಗಲೂ ಅವ್ವ ಕಣ್ಣು ಮುಚ್ಚುತ್ತಿದ್ದಳು. "ನಿಮ್ಮಪ್ಪಗ ಹೇಳಬ್ಯಾಡ," ಅಂದಳು.

ಸಿಂಧನೂರಿನ ದವಾಖಾನೆಯಲ್ಲಿ ಅಪ್ಪ ನಮಗಿಂತ ಮೊದಲೇ ಬಂದು ನಿಂತಿದ್ದ. ದೊಡ್ಡಪ್ಪ ಫೋನ್ ಮಾಡಿದ್ದನಂತೆ. ಅಪ್ಪನ ಬೈಕಿಗೆ ಕಟ್ಟಿದ ಗೊಬ್ಬರದ ಚೀಲ ಹಾಗೇ ಇತ್ತು. ಸ್ಟ್ರೆಚರ್ ಮೇಲಿನ ಬರಿಗೈ ನೋಡಿದವನೇ ಗೋಡೆ ಹಿಡಿದು ಕೆಳಗೆ ಕೂತ.

ನರ್ಸ್ ಅವ್ವನ ರಕ್ತ ತೆಗೆದು ಒಂದು ಗಾಜಿನ ಕೊಳವೆಗೆ ಹಾಕಿ ಕಿಟಕಿಯ ಹತ್ತಿರ ನೆಟ್ಟಗೆ ನಿಲ್ಲಿಸಿದರು. "ಇಪ್ಪತ್ತು ನಿಮಿಷ ಯಾರೂ ಮುಟ್ಟಬ್ಯಾಡ್ರಿ. ರಕ್ತ ಹೆಪ್ಪುಗಟ್ಟಿದ್ರ ಬೇರೆ ಮಾತು. ಕಟ್ಟಲಿಲ್ಲಂದ್ರ ವಿಷ ಏರೈತಂತ."

ನಾನು ಆ ಕೊಳವೆಯನ್ನೇ ನೋಡುತ್ತಾ ನಿಂತೆ. ಕಟ್ಟು, ಕಟ್ಟು, ಅಂತ ಮನಸ್ಸಿನಲ್ಲೇ ಅನ್ನುತ್ತಿದ್ದೆ. ಯಾವುದಕ್ಕೂ ಹರಕೆ ಹೊರದ ನಾನು ಒಂದು ಗಾಜಿನ ತುಂಡಿನೆದುರು ಕೈ ಮುಗಿದು ನಿಂತಿದ್ದೇನೆಂದು ಗೊತ್ತಾದದ್ದು ದೊಡ್ಡಪ್ಪ ಬಂದು ಪಕ್ಕದಲ್ಲಿ ನಿಂತಾಗ. ಯಾರದೋ ಬೈಕ್ ಹಿಡಿದು ಬಂದಿದ್ದ, ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ.

"ನೋಡು," ಅಂದ ಮೆಲ್ಲಗೆ. ಜಗಳದ ದನಿಯಲ್ಲ. "ಇವರೂ ಪರೀಕ್ಷಾ ಮಾಡಾಕತ್ತಾರ, ನಾವೂ ಮಾಡಿದ್ವಿ. ಇವರೂ ಕಾಯಾಕತ್ತಾರ, ನಾವೂ ಕಾದ್ವಿ. ಫರಕ್ ಏನೈತಿ ಹೇಳು?"

ಸ್ಪರ್ಧೆಯಲ್ಲಾಗಿದ್ದರೆ ಒಳ್ಳೆಯ ಪ್ರಶ್ನೆ ಅಂತ ಮೆಚ್ಚುತ್ತಿದ್ದೆ. ಆಗ ಬಾಯಿಗೆ ಬಂದದ್ದು ಒಂದೇ ಮಾತು.

"ಮುಖ ನೋಡಿ ಮರುಗಾಕ ಆ ಗಾಜಿಗೆ ಮಗಳಿಲ್ಲ ದೊಡ್ಡಪ್ಪಾ."

ಅವನಿಗೆ ಅರ್ಥವಾಯಿತೋ ಇಲ್ಲವೋ. ಟವೆಲ್ಲಿನಿಂದ ಮುಖ ಒರೆಸಿಕೊಂಡು ಅಪ್ಪನ ಪಕ್ಕ ಹೋಗಿ ಕೂತ.

ನರ್ಸ್ ಬಂದು ಕೊಳವೆಯನ್ನು ಓರೆ ಮಾಡಿದರು. ರಕ್ತ ನೀರಿನಂತೆ ಈ ಕಡೆಯಿಂದ ಆ ಕಡೆಗೆ ಹರಿಯಿತು. ಅವರು ಯಾರ ಮುಖವನ್ನೂ ನೋಡದೆ ಒಳಗೆ ಓಡಿದರು. ಡಾಕ್ಟರ್ ವಿಷ ಇಳಿಸುವ ಔಷಧದ ಸಲೈನ್ ಹಚ್ಚಿದರು. ಇನ್ನೂ ತಡವಾಗಿದ್ದರೆ ಕಿಡ್ನಿ ಹೋಗುತ್ತಿತ್ತು ಅಂದರು. ಹೋಗಿಲ್ಲ ಅಂತ ಇನ್ನೂ ಹೇಳಲಾಗದು ಅಂತಲೂ ಅಂದರು. ಆಮೇಲಿನ ದಿನಗಳಲ್ಲಿ ಮತ್ತೆ ಮತ್ತೆ ರಕ್ತ ತೆಗೆದು ಅದೇ ಕಿಟಕಿಗೆ ಇಡುತ್ತಿದ್ದರು. ನಾನು ಪ್ರತಿ ಸಲ ಹೋಗಿ ನಿಲ್ಲುತ್ತಿದ್ದೆ. ಕಡೆಗೊಂದು ಸಲ ಓರೆ ಮಾಡಿದಾಗ ರಕ್ತ ಅಲುಗಲಿಲ್ಲ.

ಅವ್ವ ಮನೆಗೆ ಬಂದಳು. ಬಲಗೈ ಹೆಬ್ಬೆರಳಿಗೆ ಇವತ್ತಿಗೂ ಸ್ಪರ್ಶ ತಿಳಿಯುವುದಿಲ್ಲ. ನಾಟಿ ಮಾಡುವಾಗ ಸಸಿ ಬೆರಳಿನಿಂದ ಜಾರುತ್ತದೆ. ಊರಿಗೆ ಮಾತ್ರ ಹೆಬ್ಬೆರಳು ನೆನಪಿಲ್ಲ, ಗಾಜಿನ ಕೊಳವೆ ನೆನಪಿಲ್ಲ. ಎಲೆ ಕಹಿಯಾಗಿದ್ದಷ್ಟೇ ನೆನಪು. ನಾನು ವಾದಕ್ಕೆ ನಿಂತರೆ ದೊಡ್ಡಪ್ಪ ಅವ್ವನ ಕಡೆ ಕೈ ತೋರಿಸುತ್ತಾನೆ: "ಇದ್ದಾಳಲ್ಲ ಕಣ್ಮುಂದ. ಆಕಿನ್ನ ಕೇಳು." ಅವನು ಆಕೆಯೊಂದಿಗೆ ಮಾತಾಡುವುದಿಲ್ಲ, ಆಕೆ ಅವನೊಂದಿಗೆ ಮಾತಾಡುವುದಿಲ್ಲ. ಅವ್ವ ಸೆರಗು ಎಳೆದುಕೊಂಡು ಒಳಗೆ ಹೋಗುತ್ತಾಳೆ.

ಮೊನ್ನೆ ಅದೇ ಶ್ರಾವಣ ಮತ್ತೆ ಬಂತು. ಈ ಸಲ ಚಿಗವ್ವನ ಹೊಲದ ಪಾಳಿ. ಅವ್ವನೂ ನಾನೂ ನಮ್ಮ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದೆವು. ಚಿಗವ್ವ ಸೀರೆ ಎತ್ತಿಕಟ್ಟಿಕೊಂಡು ಓಡಿಬಂದಳು. ಆಕೆಯ ಸೊಸೆಯ ಕಾಲಿಗೆ ಹುಳ ಮುಟ್ಟಿತ್ತು.

"ಅಕ್ಕಾ, ಎಲಿ! ನಿಮ್ಮ ಗಿಡದ ಎಲಿನ ಬೇಕು, ಜಲ್ದಿ!"

ಬ್ಯಾಡ ಅಂತ ಕೂಗಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಎದ್ದಳು. ಕೈಗೆಟುಕಿದ ಟೊಂಗೆಯಿಂದ ಎಲೆ ಕಿತ್ತಳು. ಚಿಗವ್ವ ಕೈ ಒಡ್ಡಿ ನಿಂತಿದ್ದಳು. ಅವ್ವ ಅದನ್ನು ಆಕೆಯ ಕೈಗೆ ಕೊಡಲಿಲ್ಲ, ತನ್ನ ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು. ಬೇರೆ ಯಾವತ್ತಿನದೋ ರುಚಿಗೆ ಹೋಲಿಸಿ ನೋಡುವವಳಂತೆ ಕಣ್ಣು ಕಿರಿದು ಮಾಡಿದಳು. ಮುಖ ಹಿಂಡಿಕೊಂಡು ಉಗುಳಿದಳು.

"ಗಾಡಿ ತರಾಕ ಹೇಳು ಮೊದ್ಲು," ಅಂದಳು. "ನಡಿ."

ಈ ಸಲ ಅಪ್ಪನ ಬೈಕ್ ಹೊಲದಲ್ಲೇ ಇತ್ತು. ಸೊಸೆಯನ್ನೂ ಚಿಗವ್ವನನ್ನೂ ಅದರ ಮೇಲೆ ಕೂರಿಸಿ ಅಪ್ಪನ ಜೊತೆ ಕಳಿಸಿದೆವು. ಚಿಗವ್ವ ಹೋಗುವ ಮುಂಚೆ ತಾನೇ ಒಂದು ಟೊಂಗೆ ಮುರಿದುಕೊಂಡು ಹೋದಳು, ಅವಳನ್ನು ತಡೆಯಲಾಗಲಿಲ್ಲ. ಸೊಸೆ ದಾರಿಯಲ್ಲೇ ಅಗಿದು ಕಹಿ ಅಂದಳಂತೆ. ದವಾಖಾನೆಯಲ್ಲಿ ರಕ್ತ ಹೆಪ್ಪುಗಟ್ಟಿತು, ವಿಷವಿಲ್ಲದ ನೀರುಹಾವು ಇರಬೇಕು ಅಂದರು, ಬಾವು ಬರುತ್ತದೋ ಅಂತ ಒಂದು ರಾತ್ರಿ ಇಟ್ಟುಕೊಂಡು ನೋಡಿ ಕಳಿಸಿದರು. ಮರುದಿನ ಹೊತ್ತು ಮುಳುಗುವ ಮೊದಲೇ ಚಹಾ ಅಂಗಡಿಯಲ್ಲಿ ದೊಡ್ಡಪ್ಪನ ಕಥೆಗೆ ಎರಡನೆಯ ಸಾಕ್ಷಿ ಸೇರಿತು. ಮುಂದಿನವರು ಅಷ್ಟು ಪುಣ್ಯವಂತರಾಗಿರದಿದ್ದರೆ? ಅವರನ್ನೂ ಬದುವಿನ ಮೇಲೆ ಕೂರಿಸಿ, ಬಾಯಿಗೆ ಎಲೆ ಇಟ್ಟು, ಅವ್ವನ ಹೆಸರು ಹೇಳಿ ಕಾಯುತ್ತಾ ಕೂತರೆ?

ಆ ಸಂಜೆ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟು ಹೆಬ್ಬೆರಳಿಗೆ ತಿಳಿಯದೆ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಆಗುತ್ತಿತ್ತು. ಅಂಗಳದಲ್ಲಿ ದೊಡ್ಡಪ್ಪ ಅಪ್ಪನ ಜೊತೆ ನಗುತ್ತಾ ಮಾತಾಡುತ್ತಿದ್ದ. ನಾನು ಆಕೆಯ ಮಗ್ಗುಲಿಗೆ ಕೂತೆ. ಗದ್ದ ನಡುಗದಂತೆ ಹಲ್ಲು ಕಚ್ಚಿ ಹಿಡಿದೆ, ಈ ಸಲ ನನ್ನ ಮುಖದಲ್ಲಿ ಆಕೆಗೆ ಏನೂ ಕಾಣಬಾರದು ಅಂತ.

"ಯವ್ವಾ, ಖರೆ ಹೇಳು. ಆ ದಿನ ಎಲಿ ನಿನಗ ಕಹಿ ಹತ್ತಿತ್ತೇನ ಬೇ?"